ಪಾರಿವಾಳದ ಧೂಳು

ಅವನ ಹೆಸರು ಬರೆಯುವುದಿಲ್ಲ. ಬರೆದರೆ ಅವನಿಗೆ ಇನ್ನೊಂದು ಗೆಲುವು ಕೊಟ್ಟಂತಾಗುತ್ತದೆ. ಇದ್ದಾಗ ಗೆದ್ದದ್ದೇ ಸಾಕು. ಎದುರಿಗೆ ಸಿಕ್ಕಾಗ ‘ಅಣ್ಣ, ನೀವು’ ಅನ್ನುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಯಾವತ್ತೂ ‘ಅವನು’. ಇಲ್ಲಿ ಮನಸ್ಸಿನಲ್ಲಿದ್ದುದನ್ನೇ ಬರೆಯುತ್ತೇನೆ. ಈ ಧೈರ್ಯಕ್ಕೆ ಕಾರಣವಿದೆ. ಅವನ ಮನೆಮಾತೂ ಕನ್ನಡವೇ, ಆದರೆ ಆ ಮನೆಯಲ್ಲಿ ಕನ್ನಡ ಅಕ್ಷರ ಓದಬಲ್ಲವರು ಒಬ್ಬರೂ ಇರಲಿಲ್ಲ. ತಲೆತಲಾಂತರದಿಂದ ಕೊಯಮತ್ತೂರಿನ ಕಡೆಯ ಕಿಣತ್ತುಕಡವಿನ ಹತ್ತಿರ ಬೇಸಾಯ ಮಾಡಿಕೊಂಡಿದ್ದವರು, ಓದು ಬರಹವೆಲ್ಲ ತಮಿಳಿನಲ್ಲಿ. ನನಗೆ ಅಕ್ಷರ ಕಲಿಸಿದ್ದು ನಮ್ಮಪ್ಪ, ಭಾನುವಾರಗಳಲ್ಲಿ ಕಿವಿ ಹಿಂಡಿ.

ಅವನು ನೆನಪಾದದ್ದು ಹೀಗೆ. ಮೊನ್ನೆ ಆರ್.ಎಸ್. ಪುರಂನ ನಮ್ಮ ಬಾಲ್ಕನಿಗೆ ಪಾರಿವಾಳ ಬಾರದಂತೆ ಬಲೆ ಕಟ್ಟಲು ಒಬ್ಬಾತ ಬಂದಿದ್ದ. ಮೂಲೆಯಲ್ಲಿ ಒಣಗಿದ್ದ ಹಿಕ್ಕೆಯನ್ನು ಕೆರೆಯುತ್ತ ಕೆಮ್ಮಿದ. “ಮೂಗಿಗೆ ಬಟ್ಟೆ ಕಟ್ಟಿಕೊಳ್ಳಪ್ಪ, ನೀರು ಚಿಮುಕಿಸಿ ಆಮೇಲೆ ಕೆರೆ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು” ಎಂದೆ. ಹೇಳಲು ಅರ್ಧ ನಿಮಿಷ ಸಾಕಾಯಿತು. ಇದೇ ಮಾತನ್ನು ಅವನಿಗೆ ಹೇಳಲು ನಾನು ನಾಲ್ಕು ತಿಂಗಳು ತೆಗೆದುಕೊಂಡಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಎಂ.ಫಿಲ್.ಗಾಗಿ ಪಾರಿವಾಳದ ರಕ್ತದಲ್ಲಿರುವ ಒಂದು ಪರಾವಲಂಬಿಯನ್ನು ಹಿಡಿದುಕೊಂಡಿದ್ದೆ. ಅದು ಕೆಂಪು ರಕ್ತಕಣದೊಳಗೆ ಸೇರಿಕೊಂಡು ಬದುಕುವ ಸೂಕ್ಷ್ಮಜೀವಿ. ಅದನ್ನು ಹಕ್ಕಿಯಿಂದ ಹಕ್ಕಿಗೆ ಒಯ್ಯುವುದು ಗರಿಗಳ ಸಂದಿಯಲ್ಲಿ ಏಡಿಯ ಹಾಗೆ ಅಡ್ಡಡ್ಡ ಓಡುವ ಒಂದು ಚಪ್ಪಟೆ ನೊಣ. ರಕ್ತಕ್ಕೆ ಪಾರಿವಾಳ ಬೇಕಲ್ಲ, ನಮ್ಮ ಪ್ರೊಫೆಸರು “ಉಕ್ಕಡದಲ್ಲಿ ಕಾಳಿನ ಅಂಗಡಿ ಇಟ್ಟವರೊಬ್ಬರಿದ್ದಾರೆ, ಮಹಡಿಯ ಮೇಲೆ ಅರವತ್ತು ಹಕ್ಕಿ ಸಾಕಿದ್ದಾರೆ, ಹೋಗಿ ಕೇಳು” ಎಂದು ಕಳಿಸಿದರು. ಅಂಗಡಿ ನಮ್ಮ ಬಾಡಿಗೆ ಮನೆಯಿಂದ ನಾಲ್ಕು ಬೀದಿ ಆಚೆ.

ನಾನು ಸೂಜಿ, ಗಾಜಿನ ಪಟ್ಟಿಗಳ ಡಬ್ಬಿ ಹಿಡಿದು ಹೋಗಿ ವಿಷಯವನ್ನೆಲ್ಲ ವಿವರಿಸಿದೆ. ಆ ಅಂಗಡಿಯವನೇ ಅವನು, ನನಗಿಂತ ಏಳೆಂಟು ವರ್ಷ ದೊಡ್ಡವನು. ಲುಂಗಿ ಮೇಲೆತ್ತಿ ಕಟ್ಟಿ, ಹೆಗಲ ಮೇಲೆ ಕಾಳಿನ ಹೊಟ್ಟು ಉದುರುತ್ತಿದ್ದ ಟವೆಲು ಹಾಕಿಕೊಂಡು ಕೇಳಿಸಿಕೊಂಡ. ಹತ್ತು ಹಕ್ಕಿ ಹಿಡಿದ. ಒಂದೊಂದರ ರೆಕ್ಕೆ ಎತ್ತಿ, ಗರಿಯೊಳಗೆ ಉಫ್ ಎಂದು ಊದಿ, ಬಾಯಿ ಬಿಡಿಸಿ ಬಣ್ಣ ನೋಡಿ, ಏಳನ್ನು ಒಂದು ಬುಟ್ಟಿಗೂ ಮೂರನ್ನು ಇನ್ನೊಂದಕ್ಕೂ ಬಿಟ್ಟ.

“ವಾದ್ಯಾರೇ, ಈ ಏಳರ ರತ್ತದಲ್ಲಿ ನಿಮ್ಮ ಪೂಚ್ಚಿ ಅದೆ. ಈ ಮೂರರಲ್ಲಿ ಇಲ್ಲ.”

ಮೇಷ್ಟ್ರು ಅನ್ನುವುದಕ್ಕೆ ಅವರ ಕಡೆ ವಾದ್ಯಾರು ಅನ್ನುತ್ತಾರೆ, ಹುಳುವಿಗೆ ಪೂಚ್ಚಿ, ಪಾರಿವಾಳಕ್ಕೆ ಪುರಾ. ನಾನು ಒಳಗೊಳಗೇ ನಕ್ಕೆ. ಹತ್ತರ ರಕ್ತವನ್ನೂ ಗಾಜಿಗೆ ತೆಗೆದುಕೊಂಡು ಬಂದು, ಲ್ಯಾಬಿನಲ್ಲಿ ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟು ಎರಡು ದಿನ ಕಣ್ಣು ಕೆಂಪಗಾಗುವಷ್ಟು ನೋಡಿದೆ. ಆ ಮೂರರಲ್ಲಿ ಇರಲಿಲ್ಲ. ಏಳರ ಪೈಕಿ ಆರರಲ್ಲಿ ಇತ್ತು, ಏಳನೆಯದರಲ್ಲಿ ಇರಲಿಲ್ಲ. ನಿಜ ಹೇಳುತ್ತೇನೆ, ಆ ಏಳನೆಯದರಲ್ಲಿ ಇಲ್ಲದ್ದು ನನಗೆ ಆರರಲ್ಲಿ ಇದ್ದುದಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು. ಪ್ರೊಫೆಸರಿಗೆ ಹೇಳಿ ನಗಾಡಿದೆ. ಅವರು ಏಳನೆಯ ಗಾಜನ್ನು ಐದು ನಿಮಿಷ ಅತ್ತಿತ್ತ ಸರಿಸಿ ನೋಡಿ, “ಇಲ್ಲಿದೆ ನೋಡು, ಈ ಕಣದೊಳಗೆ ನ್ಯೂಕ್ಲಿಯಸ್ಸನ್ನು ತಬ್ಬಿಕೊಂಡು ಕೂತಿದೆ” ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: “ಯಾರಯ್ಯಾ ಅವರು? ಒಂದು ಸಲ ಕರೆದುಕೊಂಡು ಬಾ.” ನಾನು ಎರಡು ದಿನ ಕೂತು ನೋಡಿದ್ದರ ಬಗ್ಗೆ ಒಂದು ಮಾತಿಲ್ಲ. ನನ್ನ ಹೊಟ್ಟೆಯುರಿ ಶುರುವಾದದ್ದು ಅವತ್ತು.

ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅವನಿಂದ ಬರುತ್ತಿದ್ದದ್ದು ಒಂದೇ ಉತ್ತರ. “ಗೊತ್ತಾಯ್ತದೆ.” ಗುಟ್ಟು ಮಾಡುತ್ತಿದ್ದಾನೆ ಎಂದು ತುಂಬಾ ದಿನ ನಂಬಿದ್ದೆ. ಇಲ್ಲ, ಅವನಿಗೆ ಹೇಳಲು ಬರುತ್ತಿರಲಿಲ್ಲ. ಅದು ಇನ್ನೂ ಕೆಟ್ಟದ್ದು. ಗುಟ್ಟಾದರೆ ಕದಿಯಬಹುದಿತ್ತು.

ಹಕ್ಕಿಯ ಗಂಟಲಲ್ಲಿ ಹಳದಿ ಗಿಣ್ಣಿನಂತೆ ಕಟ್ಟಿಕೊಳ್ಳುವ ಒಂದು ರೋಗವಿದೆ. ಗುಕ್ಕು ಕೊಡುವಾಗ ತಾಯಿತಂದೆಯಿಂದಲೇ ಮರಿಗೆ ಅಂಟುತ್ತದೆ. ಪಾರಿವಾಳದಲ್ಲಿ ಹೆಣ್ಣಿಗೆ ಮಾತ್ರವಲ್ಲ, ಗಂಡಿಗೂ ಗಂಟಲ ಚೀಲದಲ್ಲಿ ಹಾಲಿನಂಥದ್ದು ಊರುತ್ತದೆ. ಎರಡೂ ಸೇರಿ ಮರಿ ಸಾಕುತ್ತವೆ, ಎರಡೂ ಸೇರಿ ರೋಗ ಕೊಡುತ್ತವೆ. ನಾನು ಅದನ್ನು ಹಿಡಿಯಲು ಗಂಟಲ ದ್ರವ ತೆಗೆದು ಗಾಜಿಗೆ ಹಚ್ಚಬೇಕು. ಅವನು ಕೊಕ್ಕು ಬಿಡಿಸಿ ಮೂಸುತ್ತಿದ್ದ. “ನಾತ ಬತ್ತದೆ. ಸೀಕು” ಅಂದುಬಿಟ್ಟರೆ ಮುಗಿಯಿತು. ತಾಯಿ ಸತ್ತ ಮರಿಗೆ ಹುರಿಗಡಲೆ ಅಗಿದು, ಅದರ ಕೊಕ್ಕನ್ನು ತನ್ನ ಬಾಯೊಳಗಿಟ್ಟು ಉಣಿಸುತ್ತಿದ್ದ. ಇದು ತಪ್ಪು, ರೋಗ ಹರಡುವ ದಾರಿ ಎಂದು ನಾನು ಒಂದು ಗಂಟೆ ಪಾಠ ಮಾಡಿದೆ. “ಸರೀಂಗ ವಾದ್ಯಾರೇ” ಎಂದು ತಲೆಯಾಡಿಸಿ, ಬಾಯಿ ತೊಳೆದುಕೊಂಡು ಬಂದು ಇನ್ನೊಂದು ಮರಿ ಎತ್ತಿಕೊಂಡ.

ನಮ್ಮಮ್ಮ ನನ್ನ ಓದನ್ನು ಯಾವತ್ತೂ ಹೊಗಳಿದವಳಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಒಂದು ವರ್ಷ ಅಡುಗೆಮನೆಯ ಕಿಟಕಿಯ ಮೇಲೆ ಬೆಳವ ಗೂಡು ಕಟ್ಟಿತು. ಮರಿಯ ಕಣ್ಣು, ಕೊಕ್ಕಿನ ಸುತ್ತ ಗಂಟುಗಂಟು ಎದ್ದಿತು. ಹಕ್ಕಿಗಳ ಸಿಡುಬು, ಬದುಕುವುದಿಲ್ಲ, ತೆಗೆದು ಹಾಕೋಣ ಎಂದು ನಾನು ಪುಸ್ತಕ ನೋಡಿ ಹೇಳಿದೆ. ಅಮ್ಮ ನನ್ನ ಮುಖ ನೋಡಿ, ಸೆರಗು ಹೊದ್ದು, ನಾಲ್ಕು ಬೀದಿ ನಡೆದು ಅವನನ್ನೇ ಕರೆದುಕೊಂಡು ಬಂದಳು. ಹೊರಗಿನವರನ್ನು ಅಡುಗೆಮನೆಯೊಳಗೆ ಬಿಡದ ನಮ್ಮಮ್ಮ!

ಅವನು ಮರಿಯನ್ನು ಮುಟ್ಟಲೂ ಇಲ್ಲ. ಸ್ಟೂಲಿನ ಮೇಲೆ ನಿಂತು ನೋಡಿದ. “ಅಮ್ಮಾ, ಅಮ್ಮೈ ಹಾಕಿ ಅದೆ, ಸಿಡುಬು, ಅಷ್ಟೇ. ಗಂಟಲು ಚೆಂದಾಗಿ ಅದೆ, ನುಂಗ್ತದೆ. ಸುಮ್ಮಾ ಬಿಡಿ, ಇಪ್ಪತ್ತು ದಿನದಲ್ಲಿ ತಾನಾಗೇ ಉದುರ್ತದೆ” ಎಂದ. ಅಮ್ಮ ಕಿಟಕಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಇಪ್ಪತ್ತೆರಡನೆಯ ದಿನ ಮರಿ ಹಾರಿಹೋಯಿತು. ಎರಡು ದಿನ ತಪ್ಪಿದ್ದಾನೆ ಎಂದು ನಾನು ಲೆಕ್ಕ ತೋರಿಸಿದೆ. “ನಿಂಗೆ ಪುಸ್ತಕ ಗೊತ್ತು, ಅವ್ರಿಗೆ ಪುರಾ ಗೊತ್ತು. ಕೈ ತೊಳ್ಕೊಂಡು ಉಣ್ಣು ಬಾ” ಎಂದಳು ಅಮ್ಮ.

ಇಷ್ಟಾದ ಮೇಲೆ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಎಂ.ಫಿಲ್. ಮುಗಿದರೂ ಅವನ ಮಹಡಿಗೆ ಹೋಗುವುದು ಬಿಡಲಿಲ್ಲ, ಅವನಿಂದಲೇ ಎರಡು ಜೋಡಿ ಮರಿ ತಂದು ನಮ್ಮ ಮಹಡಿಯಲ್ಲೂ ಗೂಡು ಕಟ್ಟಿದೆ. ಪಂದ್ಯದ ಪಾರಿವಾಳ ಸಾಕುವವರ ಒಂದು ಸಣ್ಣ ಸಂಘವಿತ್ತು. ಹಕ್ಕಿಗಳ ಕಾಲಿಗೆ ರಬ್ಬರ್ ಉಂಗುರ ತೊಡಿಸಿ ಬುಟ್ಟಿಯಲ್ಲಿ ಜೋಲಾರಪೇಟೆಗೆ ರೈಲಿನಲ್ಲಿ ಒಯ್ದು ಬೆಳಗ್ಗೆ ಬಿಡುತ್ತಿದ್ದರು. ಹಕ್ಕಿ ಮನೆ ಸೇರಿದರೆ ಸಾಲದು. ಉಂಗುರ ಬಿಚ್ಚಿಕೊಂಡು ಗಡಿಯಾರ ರಿಪೇರಿ ಅಂಗಡಿಗೆ ಓಡಬೇಕು, ಅಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದ ಸಂಘದ ಗಡಿಯಾರಕ್ಕೆ ಉಂಗುರ ಹಾಕಬೇಕು. ಸೈಕಲ್ ಹತ್ತುವಂತಿಲ್ಲ, ಕಾಲಲ್ಲೇ ಓಡಬೇಕು. ನಮ್ಮ ಮನೆಯಿಂದಲೂ ಅವನ ಮನೆಯಿಂದಲೂ ಆ ಅಂಗಡಿ ಸುಮಾರು ಒಂದೇ ದೂರ. ನಾನು ಹೆಜ್ಜೆ ಹಾಕಿ ಅಳೆದಿದ್ದೆ.

ಪಂದ್ಯಕ್ಕೆ ಕಳಿಸುವ ಹಿಂದಿನ ದಿನ ಅವನು ಒಂದು ಕೆಲಸ ಮಾಡುತ್ತಿದ್ದ. ಗಂಡನ್ನು ಅದರ ಜೋಡಿಯಿಂದ ಬೇರೆ ಮಾಡಿ, ಆ ಹೆಣ್ಣಿನ ಗೂಡಿಗೆ ಇನ್ನೊಂದು ಗಂಡನ್ನು ಬಿಟ್ಟು, ಅಡ್ಡಪಟ್ಟಿಯ ಸಂದಿಯಿಂದ ಇದಕ್ಕೆ ತೋರಿಸುತ್ತಿದ್ದ. ಎರಡೇ ನಿಮಿಷ. ಅಷ್ಟರಲ್ಲಿ ಅದು ಕುತ್ತಿಗೆ ಉಬ್ಬಿಸಿ, ಗಿರಗಿರ ತಿರುಗಿ, ಪಟ್ಟಿಗೆ ರೆಕ್ಕೆ ಬಡಿದುಕೊಳ್ಳುತ್ತಿತ್ತು. ಆಗ ಹಿಡಿದು ಬುಟ್ಟಿಗೆ ಹಾಕುವುದು.

“ಪ್ರೀತೀಲಿ ಬರೋ ಪುರಾ ದಾರೀಲಿ ಕೆರೆ ಕಂಡ್ರೆ ನೀರು ಕುಡೀಲಿಕ್ಕೆ ಇಳೀತದೆ, ವಾದ್ಯಾರೇ. ಪೊರಾಮೈಲಿ ಬರೋದು ಎಲ್ಲೂ ಇಳಿಯಾದಿಲ್ಲ.”

ಪೊರಾಮೈ ಅಂದರೆ ಹೊಟ್ಟೆಕಿಚ್ಚು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನಗೆ ಹಾಗಾಯಿತು. ಅವನು ನನ್ನ ಕಡೆ ನೋಡಲಿಲ್ಲ, ಹಕ್ಕಿಯ ಉಗುರು ನೋಡುತ್ತಿದ್ದ. ಎರಡು ವರ್ಷ ಅದೇ ಉಪಾಯ ನಾನೂ ಮಾಡಿದೆ. ಎರಡು ವರ್ಷವೂ ಅವನೇ ಗೆದ್ದ.

ಈಗ ಕೆಮ್ಮಿನ ವಿಷಯ. ಅವನದು ಒಣ ಕೆಮ್ಮು. ಭಾನುವಾರ ಗೂಡು ಗುಡಿಸುತ್ತಿದ್ದ. ಸಂಜೆಯ ಹೊತ್ತಿಗೆ ಮೈ ಬಿಸಿ, ಎದೆ ಬಿಗಿತ, ಮಂಗಳವಾರಕ್ಕೆ ಸರಿಯಾಗುತ್ತಿತ್ತು. ಅಕ್ಕ, ಅಂದರೆ ಅವನ ಹೆಂಡತಿ, ಹಿಪ್ಪಲಿ ಕಷಾಯ ಕಾಯಿಸಿ ಕೊಡುತ್ತಿದ್ದಳು. ಒಮ್ಮೆ ತಂಗಿಯ ಮದುವೆಗೆಂದು ಕಿಣತ್ತುಕಡವಿಗೆ ಹೋಗಿ ಹತ್ತು ದಿನ ಇದ್ದು ಬಂದ. ಹತ್ತು ದಿನವೂ ಕೆಮ್ಮಿಲ್ಲ. ಬಂದ ಭಾನುವಾರ ಗುಡಿಸಿದ, ರಾತ್ರಿ ಮತ್ತೆ ಜ್ವರ. ಇದನ್ನು ಗಮನಿಸಿದ್ದು ಅವನಲ್ಲ, ಅಕ್ಕನೂ ಅಲ್ಲ, ನಾನು. ಹೊಟ್ಟೆಕಿಚ್ಚಿನವನಷ್ಟು ಸೂಕ್ಷ್ಮವಾಗಿ ಒಬ್ಬರನ್ನು ಯಾರೂ ನೋಡುವುದಿಲ್ಲ.

ನವರಾತ್ರಿಯ ಹೊತ್ತಿಗೆ, ಪುರಟ್ಟಾಸಿ ತಿಂಗಳಲ್ಲಿ, ಕಾಲೇಜಿನ ಲೈಬ್ರರಿಯಲ್ಲಿ ಒಂದು ಪತ್ರಿಕೆ ತಿರುವುತ್ತಿದ್ದಾಗ ಕಾರಣ ಸಿಕ್ಕಿತು. ಪಾರಿವಾಳದ ಗರಿಯ ಪುಡಿ, ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಅದು ಗಾಯವಾಗಿ ಗಡುಸಾಗುತ್ತದೆ, ಆಮೇಲೆ ಮೆತ್ತಗಾಗುವುದಿಲ್ಲ. ಮದ್ದು ಒಂದೇ: ಹಕ್ಕಿಗಳಿಂದ ದೂರ ಇರುವುದು. ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವನ ಮಹಡಿಯಲ್ಲಿ ಯಾವ ರೋಗವನ್ನೂ ನಾನು ಮೊದಲು ಕಂಡುಹಿಡಿದಿರಲಿಲ್ಲ. ಇದು ಅವನಿಗೇ ಗೊತ್ತಿರದ ಅವನ ರೋಗ, ಹಿಡಿದವನು ನಾನು.

ಅವತ್ತೇ ಹೇಳಬೇಕು ಎಂದು ಹೊರಟೆ. ಅರ್ಧ ದಾರಿಯಲ್ಲಿ ಇನ್ನೊಂದು ಯೋಚನೆ ಬಂತು. ‘ಅಣ್ಣ, ಹಕ್ಕಿಗಳನ್ನು ಬಿಟ್ಟುಬಿಡಿ’ ಎಂದು ನಾನು ಹೇಳಿದರೆ ಯಾರು ನಂಬುತ್ತಾರೆ? ಪಂದ್ಯದಲ್ಲಿ ಎರಡು ಸಲ ಸೋತವನು ಬಂದು ಗೆದ್ದವನಿಗೆ ಹೇಳುವ ಮಾತೇ ಇದು? ಸಂಘದವರೆಲ್ಲ ನಗುತ್ತಾರೆ. ಪಂದ್ಯ ಮುಗಿಯಲಿ, ಆಮೇಲೆ ಹೇಳಿದರೆ ಮಾತಿಗೆ ತೂಕ ಇರುತ್ತದೆ. ಹೀಗೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಪಂದ್ಯ ಇದ್ದದ್ದು ಪೊಂಗಲ್ ಕಳೆದ ಮೇಲೆ. ಆ ಸಮಜಾಯಿಷಿಯ ಕೆಳಗೆ ಇನ್ನೊಂದು ಮಾತು ಕೂತಿತ್ತು, ಅದನ್ನೂ ಹೇಳುತ್ತೇನೆ. ಅವನು ಕೆಮ್ಮಿದಾಗಲೆಲ್ಲ ನನಗೆ ಒಂದು ನೆಮ್ಮದಿ ಆಗುತ್ತಿತ್ತು. ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ನೆಮ್ಮದಿ. ಅದನ್ನು ಕೈಬಿಡಲು ಮನಸ್ಸಾಗಲಿಲ್ಲ.

ಪಂದ್ಯದ ದಿನ ನಾನು ಮಹಡಿಯಲ್ಲಿ ಆಕಾಶ ನೋಡುತ್ತ ನಿಂತಿದ್ದೆ. ಮಿಲ್ಲಿನ ಸಂಗು, ಅಂದರೆ ಸೈರನ್ನು, ಊದಿ ನಿಂತು ಸ್ವಲ್ಪ ಹೊತ್ತಾದ ಮೇಲೆ ನನ್ನ ನೀಲಿ ಗಂಡು ಇಳಿಯಿತು. ಉಂಗುರ ಬಿಚ್ಚಿ ಓಡಿದೆ. ಗಡಿಯಾರದ ಅಂಗಡಿಯಲ್ಲಿ ರಿಪೇರಿಯವನ ಹೊರತು ಯಾರೂ ಇಲ್ಲ. ಉಂಗುರ ಹಾಕಿ ತಿರುಗಿಸಿದೆ. ಟಕ್ ಎಂದಿತು. ಮೊದಲನೆಯವನು ನಾನು! ಅವನ ಮುಖ ನೋಡಬೇಕು ಎಂದು ಅವನು ಬರುವ ಬೀದಿಯ ಕಡೆಗೇ ನಡೆದೆ.

ಅರ್ಧ ದಾರಿಯಲ್ಲಿ, ಬಾಗಿಲು ಹಾಕಿದ ಒಂದು ಮನೆಯ ಜಗಲಿಯ ಮೇಲೆ ಕೂತಿದ್ದ. ಎರಡೂ ಕೈ ಮಂಡಿಗೆ ಊರಿ, ಬಾಯಿ ತೆರೆದು ಉಸಿರು ಎಳೆಯುತ್ತಿದ್ದ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಎದುರಿನ ಟೀ ಅಂಗಡಿಯವನು ನೀರು ಹಿಡಿದು ನಿಂತಿದ್ದ. ಸಂಗು ಊದುವಾಗಲೇ ಓಡಿ ಬಂದು ಇಲ್ಲಿ ಕುಸಿದರು, ಎಬ್ಬಿಸಲು ಹೋದರೆ ಬೇಡ ಅಂದರು ಎಂದ. ಸಂಗು ಊದುವಾಗ ನನ್ನ ಹಕ್ಕಿ ಇನ್ನೂ ಆಕಾಶದಲ್ಲಿತ್ತು.

“ವಾದ್ಯಾರೇ, ನಿಮ್ದು ಬಂತಾ?” ಎಂದ. ಒಂದೊಂದು ಮಾತಿಗೂ ಒಂದೊಂದು ಉಸಿರು.

“ಬಂತು ಅಣ್ಣ. ಹಾಕ್ಬಿಟ್ಟೆ.”

“ಚೆಂದಾಯ್ತು.” ಮುಷ್ಟಿ ಬಿಡಿಸಿ ಉಂಗುರ ಕೊಟ್ಟ. “ಇದನ್ನೂ ಹಾಕ್ಬಿಡಿ. ಎರಡನೇದಾದ್ರೂ ಆಗ್ಲಿ. ಓಡಿ.”

ಉಂಗುರ ಬೆವರಿಗೆ ಒದ್ದೆಯಾಗಿತ್ತು. ಆ ಉಂಗುರ ಹಿಡಿದು ನಾನು ಓಡಲಿಲ್ಲ, ನಡೆದೆ. ಅಷ್ಟರಲ್ಲಿ ಇನ್ನೊಬ್ಬ ಬಂದು ಹಾಕಿ ಹೋಗಿದ್ದ. ಅವನಿಗೆ ಮೂರನೆಯ ಸ್ಥಾನ ಬಂತು.

ಬಹುಮಾನದ ಕಪ್ಪು ತಂದು ಮನೆಯಲ್ಲಿಟ್ಟೆ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅವನ ಮಹಡಿ ಹತ್ತಿದೆ. ಗುಡಿಸುತ್ತಿದ್ದ. ಬೆಳಗಿನ ಬಿಸಿಲಲ್ಲಿ ಧೂಳು ಅವನ ತಲೆಯ ಸುತ್ತ ಬೆಳ್ಳಗೆ ಆಡುತ್ತಿತ್ತು.

“ಅಣ್ಣ, ಆ ಪೊರಕೆ ಕೆಳಗಿಡಿ” ಎಂದೆ. ನಿಂತಲ್ಲೇ ಎಲ್ಲ ಹೇಳಿದೆ. ಧೂಳು, ಗಾಯ, ಕಿಣತ್ತುಕಡವಿನ ಹತ್ತು ದಿನ, ಎಲ್ಲ.

ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ. “ಇದನ್ನ ಯಾವಾಗ ಓದಿದ್ರಿ?”

ಸುಳ್ಳು ಹೇಳಬಹುದಿತ್ತು. ನಿನ್ನೆ ಅಂದಿದ್ದರೆ ಮುಗಿದುಹೋಗುತ್ತಿತ್ತು. “ಪುರಟ್ಟಾಸೀಲಿ” ಎಂದೆ.

ಅವನು ಕೈ ಎತ್ತಿ ಬೆರಳು ಮಡಚಿದ. “ಪುರಟ್ಟಾಸಿ, ಐಪ್ಪಸಿ, ಕಾರ್ತಿಗೈ, ಮಾರ್ಗಳಿ.” ನಾಲ್ಕು ಬೆರಳು ಮಡಚಿ, ಉಳಿದ ಹೆಬ್ಬೆರಳನ್ನು ಸ್ವಲ್ಪ ಹೊತ್ತು ನೋಡಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟು ಒಳ್ಳೆಯದಿತ್ತು.

“ಆಗ್ಲೇ ಹೇಳಿದ್ರೂ ನಾನು ನಂಬ್ತಿರ್ಲಿಲ್ಲ ವಾದ್ಯಾರೇ. ನಿಮಗೆ ಪೊರಾಮೈ ಅಂತಿದ್ದೆ” ಎಂದ. ಪೊರಕೆಯನ್ನು ಗೋಡೆಗೆ ಒರಗಿಸಿದ.

ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎರಡು ಕಡೆಯೂ ಗಡುಸಾಗಿತ್ತು. ಸ್ವಲ್ಪ ಮೊದಲೇ ಬಿಟ್ಟಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರು. ಸ್ವಲ್ಪ ಅಂದರೆ ಎಷ್ಟು ಎಂದು ನಾನು ಕೇಳಲಿಲ್ಲ.

ಆ ವಾರವೇ ಅರವತ್ತು ಹಕ್ಕಿಗಳನ್ನೂ ನನಗೆ ಕೊಟ್ಟುಬಿಟ್ಟ. “ದೊಡ್ಡವನ್ನ ಹೊರಗೆ ಬಿಡ್ಬ್ಯಾಡಿ, ಇಲ್ಲಿಗೇ ಬತ್ತವೆ. ನಿಮ್ಮಲ್ಲಿ ಹುಟ್ಟೋ ಮರಿಗಳು ನಿಮ್ಮವು” ಎಂದು ಹೇಳಿಯೇ ಕೊಟ್ಟ. ನಾನು ಕೇಳಲಿಲ್ಲ. ಒಂದು ತಿಂಗಳು ಕೂಡಿಹಾಕಿ, ನನ್ನ ಕೈಯಾರೆ ಕಾಳು ತಿನ್ನಿಸಿ, ಒಗ್ಗಿದವು ಎಂದುಕೊಂಡು ಬಾಗಿಲು ತೆಗೆದೆ. ಒಂದು ಸುತ್ತು ಹಾಕಿ ಎಲ್ಲವೂ ಅವನ ಮಹಡಿಗೆ ಹೋದವು. ಅಲ್ಲಿ ಗೂಡು ಕಿತ್ತು, ತೊಳೆದು, ಸುಣ್ಣ ಹೊಡೆದಿದ್ದರು. ಬರಿಯ ನೆಲದ ಮೇಲೆ ಸಾಲಾಗಿ ಕೂತಿದ್ದವು. ಬುಟ್ಟಿ ತೆಗೆದುಕೊಂಡು ಹೋಗಿ ಒಂದೊಂದೇ ಹಿಡಿದೆ. ಅವನು ಕೆಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು, ಗಾಜಿನ ಹಿಂದೆ ಕೂತು ನಗುತ್ತಿದ್ದ.

ಬೇಸಿಗೆಯಲ್ಲಿ, ಚಿತ್ತಿರೈ ತಿಂಗಳಲ್ಲಿ, ಅವನ ಹಕ್ಕಿಗಳಿಗೆ ನನ್ನ ಗೂಡಿನಲ್ಲಿ ಮೊದಲ ಮರಿ ಹುಟ್ಟಿತು. ಗರಿ ಮೂಡಿದ ಮೇಲೆ ತೋರಿಸಲು ಒಯ್ದೆ. ಒಳಗೆ ತರುವಂತಿಲ್ಲ, ಕಿಟಕಿಯ ಹೊರಗೆ ನಿಂತು ಎತ್ತಿ ಹಿಡಿದೆ. ನನ್ನದೇ ಹಕ್ಕಿ, ದಷ್ಟಪುಷ್ಟವಾಗಿತ್ತು. ಅವನು ಗಾಜಿಗೆ ಮುಖ ತಂದು ನೋಡಿದ. ಮರಿ ಎರಡು ಸಲ ಕತ್ತು ಚಾಚಿ ನುಂಗಿತು. ಅವನು ತನ್ನ ಬಾಯಿಯನ್ನು ಆ ಎಂದು ಅಗಲವಾಗಿ ತೆರೆದು, ಗಂಟಲನ್ನು ಬೆರಳಿಂದ ತೋರಿಸಿ, ಮೂಗು ಹಿಡಿದುಕೊಂಡ. ಕೊಕ್ಕು ಬಿಡಿಸಿ ನೋಡಿದೆ. ಒಳಗೆ ಸಾಸಿವೆಯಷ್ಟು ಹಳದಿ. ಎಂ.ಫಿಲ್. ಮಾಡಿದ ನಾನು ದಿನಾ ಕೈಯಲ್ಲಿ ಹಿಡಿಯುತ್ತಿದ್ದ ಮರಿ! ಗಾಜಿನ ಆಚೆ ಕೂತು, ಮುಟ್ಟದೆ, ಮೂಸದೆ ಹೇಳಿದ್ದ. ಆ ಹೊತ್ತಿನಲ್ಲೂ, ಅವನ ಎದೆ ಹಾಗೆ ಏರಿಳಿಯುತ್ತಿದ್ದಾಗಲೂ, ನನಗೆ ಆದದ್ದು ಹೊಟ್ಟೆಕಿಚ್ಚೇ. ಮರಿ ಬದುಕಿತು.

ಅವನು ಇನ್ನೂ ಮೂರು ವರ್ಷ ಇದ್ದ. ಕೊನೆಯ ವರ್ಷ ಮಂಚದಿಂದ ಬಾಗಿಲವರೆಗೆ ನಡೆದರೂ ಕೂರಬೇಕಾಗುತ್ತಿತ್ತು. ಹೋದ ಸುದ್ದಿ ಬಂದಾಗ ನಾನು ಪಾಠ ಮಾಡುತ್ತಿದ್ದೆ. ಆಮೇಲಿನ ಕಾರ್ಯದ ದಿನ ಅವರ ಮನೆಗೆ ಹೋದೆ. ಅಕ್ಕ ಒಳಗಿಂದ ಬಂದು, ಎಲ್ಲರೆದುರು ನನ್ನ ಎರಡೂ ಕೈ ಹಿಡಿದುಕೊಂಡಳು.

“ನಿಮ್ಮ ಮಾತು ಕೇಳಿದ್ರೆ ಇರ್ತಿದ್ರು ವಾದ್ಯಾರೇ. ಪುರಟ್ಟಾಸೀಲೇ ಹೇಳಿದ್ರಂತೆ ನೀವು, ಪುರಾ ಬಿಡಿ ಅಂತ. ‘ನಾನೇ ಕೇಳ್ಲಿಲ್ಲ, ಪಂದ್ಯದ ಆಸೇಲಿ ಇಟ್ಕೊಂಡೆ’ ಅಂತ ಹೇಳಿ ಹೇಳಿ ಅತ್ರು. ‘ವಾದ್ಯಾರು ಮೊದ್ಲೇ ಹೇಳಿದ್ರು, ಅವ್ರನ್ನ ಏನೂ ಅನ್ಬ್ಯಾಡ’ ಅಂದ್ರು.”

ಬಂದಿದ್ದವರೆಲ್ಲ ನನ್ನ ಕಡೆ ತಿರುಗಿ ಗೌರವದಿಂದ ನೋಡಿದರು. ಅವನ ಮಹಡಿಯಲ್ಲಿ, ಅವನ ಬೀದಿಯಲ್ಲಿ ಅಂಥ ನೋಟ ಸಿಗಲೆಂದು ನಾನು ಎಷ್ಟು ವರ್ಷ ಆಸೆಪಟ್ಟಿದ್ದೆ. “ಊಟಕ್ಕೆ ಕೂತ್ಕೊಳ್ಳಿ” ಎಂದು ಅಕ್ಕ ಎಲೆ ಹಾಕಿದಳು. ಕೂತು ಉಂಡೆ.

ಅಕ್ಕ ಈಗಲೂ ಇದ್ದಾಳೆ. ಪೊಂಗಲ್‌ಗೆ ಕಿಣತ್ತುಕಡವಿನಿಂದ ಯಾರ ಕೈಯಲ್ಲಾದರೂ ನಮ್ಮ ಮನೆಗೆ ಅವರೆಕಾಯಿ ಕಳಿಸುತ್ತಾಳೆ. ಇಷ್ಟು ವರ್ಷವಾದರೂ ಆ ಸುಳ್ಳನ್ನು ನಾನು ತಿದ್ದಿಲ್ಲ. ಪುರಟ್ಟಾಸಿಯಲ್ಲಿ ನಾನು ಅವನಿಗೆ ಏನೂ ಹೇಳಲಿಲ್ಲ, ಅಕ್ಕ. ಪೊಂಗಲ್ ಕಳೆದ ಮೇಲೆ, ಗೆದ್ದ ಮೇಲೆ ಹೇಳಿದೆ. ಇದನ್ನು ಇವತ್ತು ಬರೆದು ಮುಗಿಸಿದೆ, ಅವಳಿಗೆ ಓದಲು ಬಾರದ ಅಕ್ಷರದಲ್ಲಿ.